ಹಸಿರು ಮುಚ್ಚಳದ ಕೆಟಲ್

ನನ್ನ ಗಂಡನನ್ನು ಡಿಪೋದಲ್ಲಿ ಎಲ್ಲರೂ ಬೆಣ್ಣೆಬ್ರೇಕು ಎಂದೇ ಕರೆಯುತ್ತಾರೆ. ಇಪ್ಪತ್ಮೂರು ವರ್ಷದಿಂದ ಬಸ್ ಓಡಿಸುತ್ತಿದ್ದಾರೆ. ಅವರು ಬ್ರೇಕ್ ಹಾಕಿದರೆ ನಿಂತವರು ಕಂಬಿ ಹಿಡಿಯಬೇಕಾಗಿಲ್ಲ, ಅಮ್ಮನ ತೊಡೆಯ ಮೇಲೆ ಮಲಗಿದ ಮಗುವಿಗೆ ಎಚ್ಚರವಾಗುವುದಿಲ್ಲ. ಮನೆಯಲ್ಲೂ ಅವರು ಹಾಗೆಯೇ. ಬಾಗಿಲು ಹಾಕಿದ್ದು ಕೇಳಿಸುವುದಿಲ್ಲ, ಜಗಳಕ್ಕೆ ಕರೆದರೆ ಬರುವುದಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ಇಂಥ ಗಂಡ ಸಿಕ್ಕಿದ್ದು ನಿನ್ನ ಪುಣ್ಯ, ಅವರ ಗ್ರಹಚಾರ ಎಂದು ನನ್ನ ತಂಗಿ ಮೊದಲೆಲ್ಲ ತಮಾಷೆ ಮಾಡುತ್ತಿದ್ದಳು. ಆಗ ನಾನೂ ನಗುತ್ತಿದ್ದೆ. ಈಗ ಆ ಮಾತು ನೆನಪಾದರೆ ತಲೆ ತಗ್ಗಿಸುವ ಹಾಗಾಗುತ್ತದೆ.

ನಾನು ಕೆಲಸ ಮಾಡುವುದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯಲ್ಲಿ. ಹದಿನಾಲ್ಕು ವರ್ಷವಾಯಿತು. ಬಟ್ಟೆ ಮೆಷಿನ್ನಿಗೆ ಹೋಗುವ ಮೊದಲು ಜೇಬು ನೋಡುವುದು ನನ್ನ ಕೆಲಸ, ಕಲೆ ನೋಡುವುದೂ ನನ್ನ ಕೆಲಸ. ದಿನಕ್ಕೆ ಐವತ್ತು ಅರವತ್ತು ಜೇಬಿಗೆ ಕೈ ಹಾಕುತ್ತೇನೆ. ಸಿಗರೇಟು ಬಿಟ್ಟೆ ಎಂದು ಹೆಂಡತಿಗೆ ಹೇಳಿದವರ ಜೇಬಿನಲ್ಲಿ ಬೆಂಕಿಪೊಟ್ಟಣ, ಮೀಟಿಂಗ್ ಇತ್ತು ಎಂದವರ ಜೇಬಿನಲ್ಲಿ ಸಿನಿಮಾ ಟಿಕೆಟ್, ಎಲ್ಲ ಕಂಡಿದ್ದೇನೆ. ಮನುಷ್ಯರು ಸುಳ್ಳು ಹೇಳುತ್ತಾರೆ, ಜೇಬು ಹೇಳುವುದಿಲ್ಲ ಎನ್ನುವುದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಕಲೆಯ ವಿಷಯದಲ್ಲೂ ಅಷ್ಟೆ. ಇದು ಗ್ರೀಸು, ಇದು ಎಣ್ಣೆ, ಇದು ಬೆವರು ಎಂದು ಮಾರು ದೂರದಿಂದಲೇ ಹೇಳುತ್ತೇನೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಇವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ಏಳು ವರ್ಷ. ಮೊದಲ ಎರಡು ವರ್ಷ ಮಾತ್ರೆ ನುಂಗಿಕೊಂಡು, ಮೊದಲಿನ ಹಾಗೆಯೇ ಟೀ ಕುಡಿದುಕೊಂಡು ಇದ್ದರು. ಕೂತು ಮಾಡುವ ಕೆಲಸ, ಹೊಟ್ಟೆಯೂ ಸ್ಟೀರಿಂಗ್ ಮುಟ್ಟುವಷ್ಟು ಬಂದಿತ್ತು. ಆಮೇಲೆ ಡಿಪೋದ ಆಸ್ಪತ್ರೆಗೆ ಬಂದ ಹೊಸ ಡಾಕ್ಟರಮ್ಮ ಇವರನ್ನೂ ನನ್ನನ್ನೂ ಒಟ್ಟಿಗೆ ಕೂರಿಸಿಕೊಂಡು, ದಿನಕ್ಕೆ ಆರು ಲೋಟ ಟೀಯಲ್ಲಿ ಎಷ್ಟು ಚಮಚ ಸಕ್ಕರೆ ಹೋಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಒತ್ತಿದರೆ ಒಂದೊಂದೇ ಬೀಳುವ, ಗುಂಡಿಯಷ್ಟೂ ದೊಡ್ಡದಿಲ್ಲದ ಬಿಳಿ ಮಾತ್ರೆಗಳ ಡಬ್ಬಿ ಕೊಟ್ಟರು. ಸಿಹಿ ಇರುತ್ತದೆ, ಸಕ್ಕರೆ ಇರುವುದಿಲ್ಲ. ನಾನು ಇದು ಕಾಯಿಲೆಗೆ ಇನ್ನೊಂದು ಔಷಧಿ ಎಂದುಕೊಂಡು, ದಿನಕ್ಕೆ ಎಷ್ಟು ಸಲ ಎಂದು ಕೇಳಿದೆ.

"ಇದು ಔಷಧಿ ಅಲ್ಲಮ್ಮ," ಎಂದರು ಡಾಕ್ಟರಮ್ಮ. "ಸಕ್ಕರೆ ಎದ್ದು ಹೋದ ಕುರ್ಚಿಯಲ್ಲಿ ಇದು ಕೂತ್ಕೊಳ್ಳುತ್ತೆ, ಅಷ್ಟೆ. ಸಕ್ಕರೆ ಏಳದೇ ಇದ್ರೆ ಇದರಿಂದ ಏನೂ ಉಪಯೋಗ ಇಲ್ಲ."

ಇವರು ಡಿಪೋದಲ್ಲಿ ಟೀ ಕುಡಿಯುವುದು ಸ್ವಂತ ಅಕ್ಕನ ಕೈಯಿಂದ. ನನ್ನ ಅತ್ತಿಗೆ ಡಿಪೋ ಗೇಟಿನ ಪಕ್ಕ, ಟೈರುಗಳ ಗೋದಾಮಿಗೆ ಅಂಟಿಕೊಂಡ ತಗಡಿನ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಟೀ ಮಾಡುತ್ತಾರೆ. ತಾಯಿ ತೀರಿಕೊಂಡಾಗ ಇವರಿಗೆ ಆರು ವರ್ಷ, ಅವರಿಗೆ ಹದಿನೈದು. ತಮ್ಮನನ್ನು ಸಾಕಿ ಬೆಳೆಸಿದ್ದು ಅವರೇ. ಅವರ ಟೀಗೆ ಒಂದು ನಿಯಮ ಇತ್ತು. ಸಕ್ಕರೆ ಟೀ ಜೊತೆಗೇ ಕುದಿಯಬೇಕು. ಮೇಲಿಂದ ಹಾಕಿದ ಸಕ್ಕರೆ ನೆಂಟರ ಹಾಗೆ, ಮನೆಯವರಾಗುವುದಿಲ್ಲ ಎನ್ನುತ್ತಿದ್ದರು. ಕಾಯಿಲೆಯವರ ಸಂಖ್ಯೆ ಡಿಪೋದಲ್ಲಿ ಹೆಚ್ಚಿದ ಮೇಲೆ ಅವರು ಎರಡನೆಯ ಕೆಟಲ್ ಇಟ್ಟರು. ಮೊದಲಿನದಕ್ಕೆ ಸ್ಟೀಲ್ ಮುಚ್ಚಳ, ಇದಕ್ಕೆ ಹಸಿರು ಮುಚ್ಚಳ. ಹಸಿರು ಮುಚ್ಚಳದ್ದಕ್ಕೆ ಸಕ್ಕರೆ ಇಲ್ಲ, ಡಾಕ್ಟರಮ್ಮನ ಮಾತ್ರೆ. ಅದರಲ್ಲಿ ಕುಡಿಯುವವರು ಹನ್ನೊಂದು ಜನ. ಅವರಲ್ಲಿ ನನ್ನ ಗಂಡ ಒಬ್ಬರು.

ಮನೆಯಲ್ಲಿ ನಾನೂ ಅದೇ ಮಾತ್ರೆ ಹಾಕುತ್ತಿದ್ದೆ, ಲೋಟಕ್ಕೆ ಒಂದು. ನಾಲಿಗೆಯ ತುದಿಯಲ್ಲಿ ಏನೋ ಉಳಿದ ಹಾಗೆ ಆಗುತ್ತದೆ ಎಂದು ಇವರು ಮುಖ ಸಣ್ಣದು ಮಾಡಿಕೊಂಡು ಕುಡಿಯುತ್ತಿದ್ದರು. ಅಕ್ಕನ ಕೈಯಲ್ಲಿ ಇದೇ ಮಾತ್ರೆ ಎಷ್ಟು ಚೆನ್ನಾಗಿ ಬರುತ್ತದೆ ಎಂದು ಒಂದು ಸಲ ಬಾಯಿ ತಪ್ಪಿ ಅಂದುಬಿಟ್ಟರು. ನನಗೆ ಹೊಟ್ಟೆ ಉರಿಯಿತು. ಹಾಗಾದರೆ ಅಕ್ಕನ ಹತ್ತಿರವೇ ಕುಡಿಯಿರಿ ಎಂದು ಮನೆಯ ಟೀ ನಿಲ್ಲಿಸಿದೆ. ಪಾಪ, ಅವರು ಅದನ್ನೂ ಒಪ್ಪಿಕೊಂಡರು.

ಹೋದ ವರ್ಷ ಡ್ರೈವರುಗಳ ವಾರ್ಷಿಕ ತಪಾಸಣೆಯಲ್ಲಿ ಇವರ ಮೂರು ತಿಂಗಳ ಸರಾಸರಿ ಸಕ್ಕರೆ, ಏಳರ ಆಸುಪಾಸು ಇರಬೇಕಾದದ್ದು, ಹತ್ತರ ಮೇಲೆ ಬಂತು. ಸ್ಟೀರಿಂಗ್ ಹಿಡಿದಾಗ ಕಣ್ಣು ಮಂಜಾದರೆ ಐವತ್ತು ಜನರ ಜೀವ ಎಂದು ಡಾಕ್ಟರಮ್ಮ ಇವರನ್ನು ಬಸ್ಸಿನಿಂದ ಇಳಿಸಿದರು. ಮೂರು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಇಳಿದರೆ ಸರಿ, ಇಲ್ಲದಿದ್ದರೆ ಮತ್ತೆಂದೂ ಬಸ್ ಇಲ್ಲ. ಕಾಯಿಲೆಯ ಔಷಧಿ ಜಾಸ್ತಿ ಮಾಡಿದರು. ಅಲ್ಲಿಯತನಕ ಡೀಸೆಲ್ ಪಂಪಿನ ಹತ್ತಿರ ನಿಂತು ಬಂದ ಬಸ್ಸುಗಳ ನಂಬರ್ ಬರೆದುಕೊಳ್ಳುವ ಕೆಲಸ. ಇಪ್ಪತ್ಮೂರು ವರ್ಷ ಬಸ್ ಓಡಿಸಿದವರು ಕೈಯಲ್ಲಿ ಪೆನ್ನು ಹಿಡಿದುಕೊಂಡು, ಕಿರಿಯರು ಬಸ್ ತಿರುಗಿಸುವುದನ್ನು ನೋಡುತ್ತ ನಿಂತಿರುವುದನ್ನು ನಾನು ಒಂದು ದಿನ ಗೇಟಿನಿಂದ ನೋಡಿದೆ. ನನ್ನ ಸಂಕಟ ಬಾಯಿಗೆ ಬರುವಷ್ಟರಲ್ಲಿ ಯಾವಾಗಲೂ ಸಿಟ್ಟಾಗಿರುತ್ತದೆ.

ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದೆ. ತಟ್ಟೆಯ ಊಟ ಅರ್ಧ ಮಾಡಿದೆ. ತೂಕದ ಮೆಷಿನ್ ತಂದು ಬಚ್ಚಲಮನೆಯ ಬಾಗಿಲಲ್ಲಿಟ್ಟೆ, ದಿನಾ ಬೆಳಗ್ಗೆ ನಿಲ್ಲಿಸಿದೆ. ಸಂಜೆ ಮನೆಯ ಹಿಂದಿನ ರಸ್ತೆಯಲ್ಲಿ ನಾಲ್ಕು ಸುತ್ತು ಓಡಾಡಿಸಿದೆ. ಒಂದು ತಿಂಗಳಾದ ಮೇಲೆ ನೋಡಿದರೆ ತೂಕ ಎರಡು ಕಿಲೋ ಹೆಚ್ಚಾಗಿತ್ತು. ಬೆರಳು ಚುಚ್ಚಿ ನೋಡಿದ ಸಕ್ಕರೆಯೂ ಇಳಿದಿರಲಿಲ್ಲ. ಹೊಟ್ಟೆಗೆ ಅರ್ಧ ಹಾಕಿದರೆ ತೂಕ ಎರಡು ಕಿಲೋ ಏರುವುದು ಹೇಗೆ? ಕದ್ದು ತಿನ್ನುತ್ತಿದ್ದಾರೆ, ಇನ್ನೇನು ಎಂದುಕೊಂಡೆ. ಬಸ್ ಇಲ್ಲದೆ ಡಿಪೋದಲ್ಲೇ ಇಡೀ ದಿನ ನಿಂತಿರುವ ಮನುಷ್ಯ ಆರು ಲೋಟದ ಜಾಗದಲ್ಲಿ ಒಂಬತ್ತು ಲೋಟ ಟೀ ಕುಡಿಯುತ್ತಾರೆ ಎನ್ನುವುದು ನನಗೆ ಗೊತ್ತಿತ್ತು. ಹಸಿರು ಮುಚ್ಚಳದ್ದು ತಾನೇ, ಎಷ್ಟು ಕುಡಿದರೇನು ಎಂದು ಬಿಟ್ಟುಬಿಟ್ಟಿದ್ದೆ.

ಆ ವಾರವೇ ಅವರ ಪ್ಯಾಂಟಿನ ಜೇಬಿನಲ್ಲಿ ಎರಡು ಚಾಕೊಲೇಟ್ ಸಿಕ್ಕಿತು. ಕೆಂಪು ಕಾಗದದ, ಮಕ್ಕಳು ತಿನ್ನುವ ಸಣ್ಣವು. ಇವರು ನಿಧಾನವಾಗಿಯೇ ಹೇಳಿದರು. ಔಷಧಿ ಜಾಸ್ತಿ ಆಗಿರುವುದರಿಂದ ಒಮ್ಮೊಮ್ಮೆ ಸಕ್ಕರೆ ತೀರಾ ಇಳಿದು ಕೈಕಾಲು ನಡುಗಬಹುದು, ಆಗ ತಕ್ಷಣ ಬಾಯಿಗೆ ಹಾಕಿಕೊಳ್ಳಲು ಡಾಕ್ಟರಮ್ಮನೇ ಇಟ್ಟುಕೊಳ್ಳಲು ಹೇಳಿದ್ದಾರೆ ಎಂದರು. ಎಂಥ ಕಥೆ ಕಟ್ಟುತ್ತೀರಿ ಎಂದೆ. ಸಕ್ಕರೆ ಕಾಯಿಲೆಯವರಿಗೆ ಡಾಕ್ಟರೇ ಚಾಕೊಲೇಟ್ ಕೊಡುತ್ತಾರಂತೆ! ನನ್ನ ಅಂಗಡಿಗೆ ಬರುವ ಗಂಡಸರ ಸುಳ್ಳೆಲ್ಲ ಒಟ್ಟಿಗೆ ನೆನಪಾಗಿ, ಎರಡನ್ನೂ ಕಿಟಕಿಯಿಂದ ಆಚೆ ಎಸೆದೆ. ಡಾಕ್ಟರಮ್ಮನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಅಂದಿನಿಂದ ಅವರು ಮನೆಗೆ ಬಂದ ಕೂಡಲೇ ಜೇಬು ತೋರಿಸಬೇಕು ಎಂದು ಹೇಳಿದೆ. ಊಟದ ಮೇಜಿನ ಪ್ಲಾಸ್ಟಿಕ್ ಹಾಸಿನ ಮೇಲೆ ಎಲ್ಲ ತೆಗೆದಿಡಬೇಕು, ಜೇಬಿನ ಒಳಬಟ್ಟೆ ಹೊರಗೆ ಎಳೆದು ತೋರಿಸಬೇಕು. ಅವರು ಹಾಗೇ ಮಾಡಿದರು. ಕರ್ಚೀಫು, ಪೆನ್ನು, ಮನೆಯ ಕೀಲಿ. ಏನೂ ಇರುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ನನಗೆ ಇನ್ನೂ ಅನುಮಾನ. ಒಂದು ಭಾನುವಾರ ಅತ್ತಿಗೆ ಮನೆಗೆ ಬಂದಿದ್ದರು. ಅವರ ಎದುರಿಗೇ, ಒಳಗಿನಿಂದ ನಮ್ಮ ಮಗಳೂ ಪುಸ್ತಕ ಹಿಡಿದು ಬಂದು ನಿಂತಿರುವಾಗ, "ನೀವು ಕಳ್ಳರು ರೀ. ಐವತ್ತು ದಾಟಿದ ಕಳ್ಳರು," ಎಂದುಬಿಟ್ಟೆ. ಇವರು ಮಗಳ ಕಡೆ ನೋಡಿ ನೆಲ ನೋಡಿದರು. ಅತ್ತಿಗೆ ಏನೋ ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡರು. ತಮ್ಮನ ಪರ ವಹಿಸಲು ಅವರಿಗೂ ಮುಖ ಇಲ್ಲ ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ.

ಗಡುವಿಗೆ ಇನ್ನು ಮೂರು ವಾರ ಇತ್ತು. ಒಂದು ಸೋಮವಾರ ಬೆಳಗ್ಗೆ ಇವರ ಒಂದು ಯೂನಿಫಾರ್ಮ್ ಶರ್ಟು ಒದ್ದೆಯಾಗಿತ್ತು, ಇನ್ನೊಂದರ ಮುಂಭಾಗದಲ್ಲಿ ಅಂಗೈ ಅಗಲ ಟೀ ಚೆಲ್ಲಿತ್ತು. ಒಗೆಯಲು ಹೊತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿ ಇಸ್ತ್ರಿ ಇಟ್ಟೆ. ಇಟ್ಟ ಕಡೆಯೆಲ್ಲ ಕಲೆ ಕಂದು ಬಣ್ಣಕ್ಕೆ ತಿರುಗಿತು, ಇಸ್ತ್ರಿಯ ತಳ ಅಂಟಂಟಾಯಿತು, ಮೂಗಿಗೆ ಸುಟ್ಟ ಸಕ್ಕರೆಯ ವಾಸನೆ ಬಂತು. ಈ ಕೆಲಸ ಮಾಡುವವರಿಗೆಲ್ಲ ಗೊತ್ತು, ಬರೀ ಟೀಯ ಕಲೆ ಹೀಗಾಗುವುದಿಲ್ಲ. ಸಕ್ಕರೆ ಇದ್ದರೆ ಮಾತ್ರ ಇಸ್ತ್ರಿಯ ಕಾವಿಗೆ ಹೀಗೆ ಕಂದುತ್ತದೆ. ಸಿಕ್ಕಿಬಿದ್ದಿರಿ ಎಂದು ಶರ್ಟನ್ನು ಅವರ ಮುಖದ ಮುಂದೆ ಹಿಡಿದೆ. ಸ್ಟೀಲ್ ಮುಚ್ಚಳದ್ದು ಕುಡಿಯುತ್ತಿದ್ದೀರಿ ತಾನೇ ಎಂದೆ.

"ಅದು ಹಸಿರು ಮುಚ್ಚಳದ್ದೇ," ಎಂದರು.

ಸಾಕಿ ಬೆಳೆಸಿದ ಅಕ್ಕನ ತಲೆಗೇ ಕಟ್ಟುತ್ತೀರಾ, ನಾಚಿಕೆಯಾಗುವುದಿಲ್ಲವಾ ಎಂದು ಕೂಗಿದೆ. ಅವರು ಆ ಕಂದು ಕಲೆಯ ಶರ್ಟನ್ನೇ ಹಾಕಿಕೊಂಡು ಗುಂಡಿ ಹಾಕಿ ಹೊರಟರು.

ಅಂಗಡಿಯಲ್ಲಿ ಕೆಲಸ ಮಾಡುತ್ತ ಮಾಡುತ್ತ ಆ ಮಾತು ತಲೆಯಲ್ಲಿ ಕೊರೆಯಿತು. ಸುಳ್ಳು ಹೇಳುವವರು ಸ್ವಲ್ಪವಾದರೂ ಒಳ್ಳೆಯ ಸುಳ್ಳು ಹೇಳುತ್ತಾರಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಡಿಪೋಗೆ ಹೋಗಿ ಅತ್ತಿಗೆಯ ಹತ್ತಿರ ಹಸಿರು ಮುಚ್ಚಳದ ಟೀ ಕೇಳಿದೆ. ನಿನಗ್ಯಾಕೆ ಅದು ಎಂದರು. ತೂಕ ಇಳಿಸಬೇಕು ಎಂದೆ. ಬೆಂಚಿನ ಮೂಲೆಯಲ್ಲಿ ಕೂತು ನನ್ನ ಬಿಳಿ ಕರ್ಚೀಫಿನ ತುದಿಯನ್ನು ಲೋಟದಲ್ಲಿ ಅದ್ದಿಕೊಂಡು ಬಂದೆ. ಅಂಗಡಿಯಲ್ಲಿ ಅದು ಆರಿದ ಮೇಲೆ ಇಸ್ತ್ರಿ ಇಟ್ಟೆ. ಬೆಳಗಿನದೇ ಬಣ್ಣ, ಬೆಳಗಿನದೇ ವಾಸನೆ. ವರ್ಷದಿಂದ ಇವರ ಶರ್ಟಿನ ತೋಳಿನ ಅಂಚಿನಲ್ಲಿ ಗಂಜಿ ಹಾಕಿದ ಹಾಗೆ ಗಟ್ಟಿಯಾದ ಚುಕ್ಕೆಗಳಿರುತ್ತಿದ್ದವು. ಪ್ರತಿ ವಾರ ನಾನೇ ನೆನೆಸಿ ಒಗೆದಿದ್ದೆ. ಊರವರ ಕಲೆಗೆಲ್ಲ ಹೆಸರು ಹೇಳುವ ನಾನು ಗಂಡನ ಶರ್ಟಿನದನ್ನು ನೋಡಿರಲಿಲ್ಲ.

ಇವರ ಡ್ಯೂಟಿ ಮುಗಿಯುವುದು ನಾಲ್ಕಕ್ಕೆ. ನಾನು ಐದಕ್ಕೆ ಮತ್ತೆ ಡಿಪೋಗೆ ಹೋದೆ. ಎಲ್ಲರ ಎದುರು ಅತ್ತಿಗೆಯ ಮಾನ ಕಳೆಯಬೇಕು ಎಂದೇ ಹೋಗಿದ್ದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಕರ್ಚೀಫು ಬಿಡಿಸಿ ಅವರ ಮುಂದೆ ಹಾಸಿದೆ. ಅವರು ಅದನ್ನು ನೋಡಿದರು. ತೊಳೆದ ಲೋಟವನ್ನೇ ಮತ್ತೆ ತೊಳೆಯತೊಡಗಿದರು. ತೊಳೆಯುತ್ತಲೇ ಹೇಳಿದರು.

ಮೂರು ವರ್ಷ ಹೇಗೋ ನಡೆದಿತ್ತಂತೆ, ಲೋಟಕ್ಕೊಂದು ಮಾತ್ರೆ ಹಾಕಿ ಕೊಡುತ್ತಿದ್ದರಂತೆ. ಮೇಲಿಂದ ಹಾಕಿದ್ದು ಸರಿಯಲ್ಲ ಎಂದು ಅವರ ಮನಸ್ಸಿಗೆ ಒಪ್ಪುತ್ತಿರಲಿಲ್ಲ. ಆಮೇಲೆ ಮಾತ್ರೆಯನ್ನೂ ಸಕ್ಕರೆಯ ಹಾಗೆ ಕೆಟಲಿನಲ್ಲೇ ಕುದಿಸತೊಡಗಿದರು. ಕುದಿಸಿದರೆ ಈ ಮಾತ್ರೆಯ ಸಿಹಿ ಹಾರಿಹೋಗುತ್ತದೆ ಎಂದು ಡಬ್ಬಿಯ ಮೇಲೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಬರೆದಿತ್ತು, ಅವರು ಓದಿರಲಿಲ್ಲ. ಎಷ್ಟು ಮಾತ್ರೆ ಹಾಕಿದರೂ ಟೀ ಸಪ್ಪೆ. ಕಂಡಕ್ಟರ್ ಒಬ್ಬರು ಔಷಧಿ ನೀರು ಎಂದು ನಕ್ಕರು. ಮೂವತ್ತು ವರ್ಷದ ಕೈಗೆ ಅಂಥ ಮಾತು.

"ಅದನ್ನೂ ತಡ್ಕೊಂಡೆ," ಎಂದರು ಅತ್ತಿಗೆ. "ಒಂದಿನ ನನ್ನ ತಮ್ಮ ಅರ್ಧ ಲೋಟ ಬಿಟ್ಟು ಎದ್ದ. ಅವನು ನನ್ನ ಕೈಲಿ ಯಾವತ್ತೂ ಏನೂ ಬಿಟ್ಟವನಲ್ಲ. ಮಾರನೇ ದಿನ ಎರಡು ಚಮಚ ಸಕ್ಕರೆ ಹಾಕ್ದೆ."

ಎರಡು ಚಮಚ ಹಾಕಿದ ದಿನ ಎಲ್ಲರೂ ಹೊಗಳಿದರಂತೆ. ಆಮೇಲೆ ನಾಲ್ಕಾಯಿತು, ಎಂಟಾಯಿತು, ಕೊನೆಗೆ ಎರಡು ಕೆಟಲಿಗೂ ಸಕ್ಕರೆಯಲ್ಲಿ ವ್ಯತ್ಯಾಸವೇ ಉಳಿಯಲಿಲ್ಲ. ಎಲ್ಲರ ಎದುರು ಮಾತ್ರೆ ಹಾಕುವುದನ್ನು ಮಾತ್ರ ತಪ್ಪಿಸಲಿಲ್ಲ. ತಮ್ಮನನ್ನು ಬಸ್ಸಿನಿಂದ ಇಳಿಸಿದಾಗ, ಟೀಯಿಂದ ಇಷ್ಟೆಲ್ಲ ಆಗುತ್ತದಾ, ಮನೆಯಲ್ಲೇ ಏನೋ ತಿನ್ನುತ್ತಿರಬೇಕು ಎಂದುಕೊಂಡರಂತೆ. ನಾನು ಕಳ್ಳ ಎಂದ ದಿನ ಹೇಳಬೇಕು ಎಂದು ಬಾಯಿಯತನಕ ಬಂತು, ನಾಲಿಗೆ ಏಳಲಿಲ್ಲ ಎಂದರು.

ಆಮೇಲೆ ಅವರು ನನ್ನ ಕೈ ಹಿಡಿದುಕೊಂಡು, ನಾಳೆಯಿಂದ ಒಂದು ಕಾಳು ಸಕ್ಕರೆ ಹಾಕುವುದಿಲ್ಲ, ಅವನಿಗೆ ಮಾತ್ರ ಹೇಳಬೇಡ, ಅವನ ಮುಖ ನೋಡುವುದು ಹೇಗೆ ಎಂದರು. ನಾನು ಆಯಿತು ಎಂದೆ. ನನಗೆ ಅತ್ತಿಗೆಯ ಮೇಲೆ ಕನಿಕರ ಉಕ್ಕಿ ಬಂದಿತ್ತು ಎಂದು ಯಾರೂ ತಿಳಿಯಬೇಡಿ. ಇವರಿಗೆ ನಿಜ ಹೇಳಿದರೆ, ನಾನು ಮಾಡಿದ್ದನ್ನೂ ಒಪ್ಪಿಕೊಳ್ಳಬೇಕಿತ್ತು. ಹೇಳದೆ ಇದ್ದರೆ ಸಕ್ಕರೆ ತಾನಾಗಿಯೇ ಇಳಿಯುತ್ತದೆ, ನನ್ನ ಜೇಬಿನ ಕಾವಲಿನಿಂದಲೇ ಇಳಿಯಿತು ಎಂದು ಎಲ್ಲರೂ ತಿಳಿಯುತ್ತಾರೆ. ಆ ಯೋಚನೆ ನನಗೆ ಬಂದಿತ್ತು. ನನ್ನ ಬಗ್ಗೆ ನನಗೇ ಹೇಸಿಗೆಯಾಗುವುದು ಇದಕ್ಕೇ.

ಮನೆಗೆ ಬಂದರೆ ಇವರು ಮೇಜಿನ ಹತ್ತಿರ ಕಾಯುತ್ತಿದ್ದರು. ನಾನು ತಡವಾಗಿ ಬಂದದ್ದಕ್ಕೆ ಜೇಬು ತೋರಿಸುವುದು ಬಾಕಿ ಇತ್ತಲ್ಲ! ಕರ್ಚೀಫು, ಪೆನ್ನು, ಕೀಲಿ ತೆಗೆದಿಟ್ಟರು, ಒಳಬಟ್ಟೆ ಎಳೆದು ತೋರಿಸಿದರು. ಬೇಡ ಎಂದು ನಾನು ಹೇಳಲಿಲ್ಲ. ಮಂಗಳವಾರವೂ ತೋರಿಸಿದರು, ಬುಧವಾರವೂ ತೋರಿಸಿದರು.

ಗುರುವಾರ ಸಂಜೆ ಅವರು ಬಂದವರು ನೇರವಾಗಿ ಕುರ್ಚಿಯಲ್ಲಿ ಕೂತರು. ಮುಖ ಬಿಳಿಚಿಕೊಂಡಿತ್ತು. ನಡೆದದ್ದನ್ನು ಅವರೇ ಹೇಳಿದರು. ಹನ್ನೆರಡು ಗಂಟೆಗೆ ಡೀಸೆಲ್ ಪಂಪಿನ ಹತ್ತಿರ ಮೈಯೆಲ್ಲ ಬೆವರಿ, ಕೈ ನಡುಗಿ, ಪೆನ್ನು ಬಿದ್ದುಹೋಯಿತು. ಔಷಧಿ ಜಾಸ್ತಿ ಇತ್ತು, ತಟ್ಟೆಯ ಊಟ ಅರ್ಧ ಇತ್ತು, ಸೋಮವಾರದ ಮೇಲೆ ಟೀಯಲ್ಲಿ ಸಕ್ಕರೆ ಇರಲಿಲ್ಲ. ಮೈಯಲ್ಲಿದ್ದ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಜೇಬು ತಡಕಿದರೆ ಜೇಬಿನಲ್ಲಿ ಏನಿರಬೇಕು? ನನ್ನ ಅಪ್ಪಣೆ ಇತ್ತು. ನೆಲದ ಮೇಲೆ ಕುಸಿದವರನ್ನು ಅಕ್ಕ ಓಡಿಬಂದು ನೋಡಿ, ಡಬ್ಬಿಯಿಂದ ಮುಷ್ಟಿ ಸಕ್ಕರೆ ತೆಗೆದು ಬಾಯಿಗೆ ಹಾಕಿದರಂತೆ.

ಆಮೇಲೆ ಡಾಕ್ಟರಮ್ಮ ಬಂದು, ಜೇಬಿನಲ್ಲಿ ಚಾಕೊಲೇಟ್ ಇಟ್ಟುಕೊಳ್ಳಿ ಅಂದಿದ್ದೆನಲ್ಲ, ಎಲ್ಲಿ ಎಂದು ಬೈದರು. ಮರೆತು ಬಂದೆ ಎಂದರಂತೆ ಇವರು. ಇಷ್ಟು ದಿನ ನಾನು ಹುಡುಕಿದ ಸುಳ್ಳು ಅಂದು ಅವರ ಬಾಯಿಂದ ಬಂದಿತ್ತು, ನನ್ನ ಮರ್ಯಾದೆ ಉಳಿಸುವುದಕ್ಕೆ.

ಅತ್ತಿಗೆಗೆ ಇನ್ನು ತಡೆಯಲಾಗಲಿಲ್ಲ. ಡ್ಯೂಟಿ ಬದಲಾಗುವ ಹೊತ್ತಿಗೆ ಹನ್ನೊಂದು ಜನರನ್ನೂ ಕರೆದು ನಿಲ್ಲಿಸಿ, ಈ ಕೆಟಲಿನಲ್ಲಿ ವರ್ಷದಿಂದ ಸಕ್ಕರೆ ಇತ್ತು, ನನ್ನ ತಮ್ಮ ಕದ್ದು ತಿಂದವನಲ್ಲ, ತಿನ್ನಿಸಿದವಳು ನಾನು ಎಂದರು. ಕೆಲವರು ಬೈದರು. ಕೆಲವರು ಹಸಿರು ಮುಚ್ಚಳವನ್ನು ನೋಡುತ್ತ ಸುಮ್ಮನೆ ಹೋದರು. ತಮ್ಮನ ಕಡೆ ತಿರುಗಿ, ನಿನ್ನ ಹೆಂಡತಿ ಜಾಣೆ, ಕರ್ಚೀಫಿಗೆ ಇಸ್ತ್ರಿ ಹಾಕಿ ಕಂಡುಹಿಡಿದಳು ಎಂದು ನನ್ನನ್ನು ಹೊಗಳಿದರಂತೆ. ಪಾಪ, ನನಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡರು.

ಇಷ್ಟು ಹೇಳಿ ಇವರು ನನ್ನನ್ನು ನೋಡಿದರು. ದನಿ ಎಂದಿನ ಹಾಗೆ ಮೆತ್ತಗೇ ಇತ್ತು.

"ಯಾವತ್ತು ಗೊತ್ತಾಯ್ತು ನಿನಗೆ?"

"ಸೋಮವಾರ," ಎಂದೆ.

"ಇವತ್ತು ಗುರುವಾರ," ಎಂದರು. ಅಷ್ಟೇ. ಎದ್ದು ಕೈಕಾಲು ತೊಳೆಯಲು ಹೋದರು.

ನಾನು ಅಂದು ಅತ್ತುಬಿಟ್ಟೆ, ಕ್ಷಮೆ ಕೇಳಿದೆ, ಮಗಳನ್ನು ಕರೆದು ಅವಳ ಎದುರಿಗೂ ಕೇಳಿದೆ. ಆಯಿತು ಬಿಡು ಎಂದರು. ಡಾಕ್ಟರಮ್ಮ ಔಷಧಿ ಸರಿಮಾಡಿ, ಗಡುವನ್ನು ಮೂರು ತಿಂಗಳು ಮುಂದಕ್ಕೆ ಹಾಕಿದರು. ಆ ಮೂರು ತಿಂಗಳಲ್ಲಿ ಇವರ ಸಕ್ಕರೆ ಏಳಕ್ಕೆ ಇಳಿಯಿತು, ತೂಕ ಐದು ಕಿಲೋ ಕಡಿಮೆಯಾಯಿತು. ಮತ್ತೆ ಬಸ್ ಸಿಕ್ಕಿತು. ಅತ್ತಿಗೆ ಆ ಕೆಟಲನ್ನೇ ತೆಗೆದಿಟ್ಟಿದ್ದಾರೆ. ಈಗ ಸಕ್ಕರೆ ಇಲ್ಲದ ಟೀ ಲೋಟಕ್ಕೆ ಹಾಕಿ, ಮಾತ್ರೆಯ ಡಬ್ಬಿಯನ್ನು ಕುಡಿಯುವವರ ಕೈಗೇ ಕೊಡುತ್ತಾರೆ. ಇವರು ಅಕ್ಕನ ಜೊತೆ ಮೊದಲಿನ ಹಾಗೆಯೇ ನಗುತ್ತ ಮಾತಾಡುತ್ತಾರೆ, ಔಷಧಿ ನೀರು ಕೊಡಕ್ಕಾ ಎಂದು ಕಿಚಾಯಿಸುತ್ತಾರೆ. ನನ್ನ ಮೇಲೂ ಒಂದು ದಿನ ಸಿಡುಕಿಲ್ಲ.

ಆದರೆ ಸಂಜೆ ಮನೆಗೆ ಬಂದ ಕೂಡಲೇ ಮೇಜಿನ ಹತ್ತಿರ ಹೋಗುತ್ತಾರೆ. ಕರ್ಚೀಫು, ಪೆನ್ನು, ಕೀಲಿ ತೆಗೆದಿಡುತ್ತಾರೆ. ಜೇಬಿನ ಒಳಬಟ್ಟೆ ಎಳೆದು ತೋರಿಸುತ್ತಾರೆ. ಬೇಡ ರೀ, ದಮ್ಮಯ್ಯ ಎಂದು ಎಷ್ಟೋ ಸಲ ಹೇಳಿದ್ದೇನೆ. ಇರಲಿ, ಅಭ್ಯಾಸ ಆಗಿದೆ ಎನ್ನುತ್ತಾರೆ. ಅದರಲ್ಲಿ ಕುಹಕ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಇಲ್ಲ.

ಇವತ್ತೂ ತೆಗೆದಿಟ್ಟರು. ಕೊನೆಗೆ ಕೆಂಪು ಕಾಗದದ ಚಾಕೊಲೇಟ್‌ಗಳನ್ನು ಒಂದರ ಪಕ್ಕ ಒಂದು ಇಟ್ಟು, ನನ್ನ ಕಡೆ ಸ್ವಲ್ಪ ಸರಿಸಿದರು.

"ಬೆಳಗ್ಗೆ ಎರಡಿತ್ತು. ಎರಡೂ ಇದೆ, ನೋಡು."